ಗುಹೆಯಲ್ಲಿ ಒತ್ತಿದ ಮೊಹರು

ಟಪಾಲಪ್ಪನವರಿಗೆ ತಮ್ಮ ಅಕ್ಷರದ ಮೇಲಿದ್ದ ಅಭಿಮಾನ ಬೇರಾವುದರ ಮೇಲೂ ಇರಲಿಲ್ಲ. ಅಭಿಮಾನ ಪಡಲು ಅವರಲ್ಲಿ ಬೇರೇನೂ ಇರಲಿಲ್ಲ ಎಂಬುದು ಅವರ ಷಡ್ಡಕನ ಅಭಿಪ್ರಾಯ.

ತೂಕ ಮತ್ತು ಅಳತೆ ಕಚೇರಿಯಲ್ಲಿ ಬಂದ ಕಾಗದಗಳನ್ನು ಆವಕ ಪುಸ್ತಕದಲ್ಲಿ, ಹೋದ ಕಾಗದಗಳನ್ನು ಜಾವಕ ಪುಸ್ತಕದಲ್ಲಿ ಬರೆದು ನಂಬರು ಹಾಕುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಿಂದ ಟಪಾಲು ನೋಡಿಕೊಳ್ಳುತ್ತಿದ್ದುದರಿಂದ ಯಾರೋ ಟಪಾಲಪ್ಪ ಎಂದು ಕರೆದರು. ಅದೇ ನಿಂತುಹೋಯಿತು. ಈ ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದವೂ ಅವರ ಕೈಯಿಂದ ಕಳೆದುಹೋಗಿರಲಿಲ್ಲ. ಕಳೆದುಹೋಗಬೇಕೆಂದು ಸಾಹೇಬರೇ ಆಸೆಪಟ್ಟ ಕಾಗದಗಳು ಕೂಡ ನಂಬರು ಹೊತ್ತು ಮೇಜಿನ ಮೇಲೆ ಬಂದು ಕೂರುತ್ತಿದ್ದವು.

ಕಚೇರಿಯ ದುಂಡು ಮೊಹರು ಸದಾ ಅವರ ಜೇಬಿನಲ್ಲಿರುತ್ತಿತ್ತು. ಒಮ್ಮೆ ಪಕ್ಕದ ಮೇಜಿನ ಗುಮಾಸ್ತ ಅದನ್ನು ಮಗನ ಆಟಕ್ಕೆಂದು ಮನೆಗೆ ಒಯ್ದಿದ್ದ, ಆ ಮಗು ಅದನ್ನು ಅಜ್ಜಿಯ ಬೆನ್ನಿಗೆ ಒತ್ತಿತ್ತು. ಅಂದಿನಿಂದ ಟಪಾಲಪ್ಪನವರು ಮೊಹರನ್ನೂ ಪುಟ್ಟ ಶಾಯಿಯ ಡಬ್ಬಿಯನ್ನೂ ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿಟ್ಟು ಹೋದಲ್ಲಿಗೆಲ್ಲ ಒಯ್ಯುತ್ತಿದ್ದರು. ತಕ್ಕಡಿಗಳ ತಪಾಸಣೆಯ ಕಡತ ನೋಡುತ್ತಿದ್ದ ಆ ಗುಮಾಸ್ತನಿಗೆ ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಶಾಖೆಯ ಮೇಲ್ವಿಚಾರಕರು ಮುಂದಿನ ತಿಂಗಳು ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಇದ್ದವರು ಇಬ್ಬರೇ. ಟಪಾಲಪ್ಪನವರು ಹಿರಿಯರು, ತಕ್ಕಡಿ ಕಿರಿಯ. ಆದ್ದರಿಂದ ಕುರ್ಚಿ ತಮಗೇ ಎಂದು ಟಪಾಲಪ್ಪನವರು ಮನಸ್ಸಿನಲ್ಲಿ ಆಗಲೇ ಅದರ ಮೇಲೆ ಒಂದು ಮೆತ್ತೆ ಹಾಸಿಕೊಂಡಿದ್ದರು.

ಹೀಗಿರುವಾಗ ಷಡ್ಡಕ ಹೊಸ ಗಾಡಿ ಕೊಂಡ. ಹೆಂಡತಿಯ ತಂಗಿಯ ಗಂಡನಾದ ಈತನಿಗೆ ಫ್ಯಾನು, ಫ್ರಿಜ್ಜು ಮಾರುವ ಅಂಗಡಿಯಿತ್ತು, ಗಟ್ಟಿ ದನಿಯಿತ್ತು. ಹೊಸ ಗಾಡಿಯನ್ನು ಯಾರಾದರೂ ನೋಡಬೇಕಲ್ಲ, ಅದಕ್ಕಾಗಿ ಎರಡೂ ಮನೆಯವರನ್ನೂ ಅತ್ತೆಯವರನ್ನೂ ತುಂಬಿಕೊಂಡು ಒಂದು ಭಾನುವಾರ ಬೌದ್ಧ ಗುಹಾಲಯಗಳನ್ನು ನೋಡಲು ಹೊರಟ.

"ಎರಡು ಸಾವಿರ ವರ್ಷದ ಹಳೇದಂತೆ ಅಣ್ಣ," ಎಂದ ದಾರಿಯಲ್ಲಿ. "ನಮ್ಮ ಗಾಡಿ ಎರಡು ವಾರದ್ದು. ಎರಡೂ ಒಂದೇ ದಿನ ನೋಡೋ ಭಾಗ್ಯ ಎಲ್ಲರಿಗೂ ಸಿಗಲ್ಲ."

ಗುಡ್ಡದ ಅರ್ಧ ಎತ್ತರದಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳು ಸಾಲಾಗಿದ್ದವು. ಹತ್ತಲು ಮುನ್ನೂರಕ್ಕೂ ಮಿಗಿಲು ಮೆಟ್ಟಿಲು. ಟಪಾಲಪ್ಪನವರ ಎಡಮಂಡಿ ನೂರನೆಯ ಮೆಟ್ಟಿಲಲ್ಲಿ ಮಾತಾಡತೊಡಗಿ ಇನ್ನೂರರಲ್ಲಿ ಕೂಗತೊಡಗಿತು. ಮೇಲೆ ದೊಡ್ಡ ಗುಹೆಯ ಬಾಯಿಗೆ ಕುದುರೆಲಾಳದಂತೆ ಬಾಗಿದ ಕಮಾನು. ಒಳಗೆ ಎರಡು ಸಾಲು ಕಂಬ, ಮರದ ತೊಲೆಗಳೇ ಎಂದು ಭ್ರಮೆ ಹುಟ್ಟಿಸುವ ಕಲ್ಲಿನ ಪಕ್ಕೆಲುಬುಗಳ ಚಾವಣಿ, ಆ ತುದಿಯಲ್ಲಿ ಬಟ್ಟಲು ಬೋರಲು ಹಾಕಿದಂಥ ಸ್ತೂಪ. ಹೊರಗಿನ ಬಿಸಿಲು ಅಲ್ಲಿಯವರೆಗೆ ಒಂದು ಪಟ್ಟಿಯಾಗಿ ಹರಿದು ಹೋಗಿ ನಿಂತಿತ್ತು. ಷಡ್ಡಕ ನಡುವೆ ನಿಂತು "ಹೋ" ಎಂದ. ಗುಹೆಯೂ "ಹೋ" ಎಂದಿತು. ಆತ ಮತ್ತೆ ಅಂದ. ಏಳು ಸಲ ಆದ ಮೇಲೆ ಬಾವಲಿಗಳು ಎದ್ದು ಹೋದವು.

ಪಕ್ಕದ ಗುಹೆಯಲ್ಲಿ ಭಿಕ್ಷುಗಳು ಇದ್ದ ಸಣ್ಣ ಕೋಣೆಗಳಿದ್ದವು. ಒಂದೊಂದರಲ್ಲೂ ಒಂದು ಕಲ್ಲಿನ ಮಂಚ, ತಲೆಯ ಕಡೆ ತುಸು ಎತ್ತರಿಸಿದ ಕಲ್ಲಿನ ದಿಂಬು, ದೀಪಕ್ಕೊಂದು ಗೂಡು.

"ನೋಡಿ ಅಣ್ಣ, ಮಂಚ ದಿಂಬು ಎಲ್ಲ ಸೆಟ್ಟು. ಎರಡು ಸಾವಿರ ವರ್ಷ, ಒಂದು ರಿಪೇರಿ ಇಲ್ಲ," ಎಂದ ಷಡ್ಡಕ, ವ್ಯಾಪಾರಿಯ ಗೌರವದಿಂದ.

ಹೊರಬರುವಾಗ ಬಾಗಿಲ ಬಳಿ ಕಾವಲುಗಾರನೊಬ್ಬ ಕುರ್ಚಿ ಹಾಕಿ ಕೂತಿದ್ದ. ಮುಂದೆ ಸಂದರ್ಶಕರ ಪುಸ್ತಕ, ದಾರ ಕಟ್ಟಿದ ಪೆನ್ನು. ಷಡ್ಡಕ ಅಭಿಪ್ರಾಯದ ಅಂಕಣದಲ್ಲಿ 'ಕಲ್ಲಿನ ಕಾವ್ಯ, ಕಣ್ಣಿಗೆ ಹಬ್ಬ, ಪಾರ್ಕಿಂಗ್ ಸಾಲದು' ಎಂದು ಬರೆದು ಅದನ್ನು ಎಲ್ಲರಿಗೂ ಓದಿ ಹೇಳಿದ. ಹೆಂಡತಿಯ ತಂಗಿ ಮೆಚ್ಚಿಕೊಂಡು ನಕ್ಕಳು. ಅತ್ತೆಯವರು "ನಮ್ಮ ಚಿಕ್ಕಳಿಯ ಎಷ್ಟು ಚೆನ್ನಾಗಿ ಬರೀತಾನೆ" ಎಂದರು.

ಟಪಾಲಪ್ಪನವರಿಗೆ ಅದು ಚುಚ್ಚಿತು. ಬರೆಯುವುದು ಅವರ ಇಲಾಖೆ. ಪೆನ್ನು ತೆಗೆದುಕೊಂಡು, ತೋಳು ಸರಿಸಿ, ಪ್ರತಿ ಅಕ್ಷರಕ್ಕೂ ತಲೆಕಟ್ಟು, ಕೊಂಬು, ದೀರ್ಘ ಯಾವುದರಲ್ಲೂ ಜಿಪುಣತನ ಮಾಡದೆ ಹೀಗೆ ಬರೆದರು: 'ಈ ಗುಹೆಯಲ್ಲಿ ಕಾಲಿಟ್ಟ ಕ್ಷಣದಿಂದ ನನಗೆ ಸಂಸಾರವೂ ಬೇಡ, ಹುದ್ದೆಯೂ ಬೇಡ. ಎರಡನ್ನೂ ಇಲ್ಲಿಯೇ ತ್ಯಜಿಸಿದ್ದೇನೆ.'

ಇಲ್ಲಿಗೆ ನಿಲ್ಲಿಸಿದ್ದರೆ ಒಬ್ಬ ಗುಮಾಸ್ತ ಗುಡ್ಡ ಹತ್ತಿ ಇಳಿದ ಎಂದಷ್ಟೇ ಆಗುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಒಂದೇ ರೀತಿ ಓಡಿದ ಕೈ ಅರ್ಧದಲ್ಲಿ ನಿಲ್ಲುವುದಿಲ್ಲ. ಅದು ತನ್ನಷ್ಟಕ್ಕೆ ಕೆಳಗೆ ಸರಿದು 'ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ' ಎಂದು ಸೇರಿಸಿತು. ಸಹಿ ಮಾಡಿತು. ಹುದ್ದೆ, ಕಚೇರಿ, ತಾರೀಕು ಬರೆಯಿತು. ಆಮೇಲೆ ಜೇಬಿಗೆ ಹೋಗಿ ಕನ್ನಡಕದ ಪೆಟ್ಟಿಗೆ ತೆಗೆದು ದುಂಡು ಮೊಹರನ್ನು ಠಪ್ಪನೆ ಒತ್ತಿತು.

ಟಪಾಲಪ್ಪನವರು ಪೆನ್ನನ್ನು ಹಿಂದೆ ನಿಂತವರ ಕೈಗಿತ್ತು, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದರು.

ಮೂರು ವಾರದ ನಂತರ ಪುರಾತನ ಸ್ಮಾರಕಗಳ ಕಚೇರಿಯಿಂದ ಒಂದು ಲಕೋಟೆ ಬಂತು. ಆ ಕಚೇರಿಯಲ್ಲಿ ಪುಸ್ತಕಗಳನ್ನು ಪರಿಶೀಲಿಸುವ ಒಬ್ಬ ಅಧಿಕಾರಿ ಇದ್ದರು. ಇನ್ನೊಂದು ಕಚೇರಿಯ ಮೊಹರು, ಸೂಕ್ತ ಕ್ರಮ ಎಂಬ ಮಾತು ಎರಡೂ ಒಟ್ಟಿಗೆ ಕಂಡ ಮೇಲೆ ಅವರು ಸುಮ್ಮನಿರುವ ಹಾಗಿರಲಿಲ್ಲ. 'ತಮ್ಮ ನೌಕರರು ನಮ್ಮ ಸ್ಮಾರಕದಲ್ಲಿ ತ್ಯಜಿಸಿರುವ ಹುದ್ದೆ ಮತ್ತು ಸಂಸಾರವು ನಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ತಮಗೆ ಹಿಂದಿರುಗಿಸಿದೆ' ಎಂದು ಬರೆದು, ಪುಟದಲ್ಲಿ ಆ ಒಂದು ಬರಹದ ಮಟ್ಟಿಗೆ ದೃಢೀಕೃತ ನಕಲು ಲಗತ್ತಿಸಿದ್ದರು.

ಲಕೋಟೆ ಒಡೆದದ್ದು ಟಪಾಲಪ್ಪನವರೇ. ಓದಿ ಕುರ್ಚಿಗೆ ಒರಗಿದರು. ಸುತ್ತ ಯಾರೂ ಇರಲಿಲ್ಲ. ಜವಾನ ಚಹಾ ತರಲು ಹೋಗಿದ್ದ, ತಕ್ಕಡಿ ಹಲ್ಲುನೋವೆಂದು ಬೆಳಗ್ಗೆಯೇ ಎದ್ದು ಹೋಗಿದ್ದ. ಹರಿಯಬಹುದಿತ್ತು. ಮಡಿಸಿ ಜೇಬಿಗೆ ಹಾಕಬಹುದಿತ್ತು. ಎರಡು ಸಲ ಕಾಗದದ ಅಂಚನ್ನು ಹಿಡಿದು ನೋಡಿದರು. ಆದರೆ ಬಂದ ಕಾಗದಕ್ಕೆ ನಂಬರು ಹಾಕದೇ ಇರುವುದು ಅವರಿಗೆ ಊಟಕ್ಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ಕೊನೆಗೆ ಆವಕ ಸಂಖ್ಯೆ ನಾನೂರ ಹದಿನೇಳು ಎಂದು, ಎಂದಿಗಿಂತ ತುಸು ಸಣ್ಣ ಅಕ್ಷರದಲ್ಲಿ ಬರೆದರು. ಆಮೇಲೆ ಅದನ್ನು ಆ ದಿನದ ಟಪಾಲಿನ ಎಲ್ಲಕ್ಕಿಂತ ಕೆಳಗಿಟ್ಟು ಒಳಗೆ ಕಳಿಸಿದರು. ಸಾಹೇಬರು ಮೇಲಿನ ನಾಲ್ಕು ಕಾಗದ ನೋಡಿ ಉಳಿದದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವುದು ಲೋಕಕ್ಕೇ ಗೊತ್ತಿತ್ತು.

ಅಂದು ಜವಾನ ಬಾಗಿಲಲ್ಲಿ ಎಡವಿ ಟಪಾಲೆಲ್ಲ ನೆಲಕ್ಕೆ ಬಿತ್ತು. ಆತ ಅದನ್ನು ಎತ್ತಿ, ಚೊಕ್ಕವಾಗಿ ಜೋಡಿಸಿ, ತಲೆಕೆಳಗಾಗಿ ಇಟ್ಟ.

ಹತ್ತು ನಿಮಿಷದಲ್ಲಿ ಕರೆ ಬಂತು. ಸಾಹೇಬರು ಹೆದರುಪುಕ್ಕಲ ಮನುಷ್ಯ. ಮೇಲಿನ ಕಚೇರಿಯಿಂದ ಪ್ರಶ್ನೆ ಬರಬಾರದು ಎಂಬುದೊಂದೇ ಅವರ ಜೀವನದ ಗುರಿ.

"ಇದು ಯಾರ ಮೊಹರು?"

"ನಮ್ಮದೇ ಸಾರ್."

"ಅಕ್ಷರ?"

"ಅಕ್ಷರ ಚೆನ್ನಾಗಿದೆ ಅಲ್ವಾ ಸಾರ್."

"ಚೆನ್ನಾಗಿದೆ. ಅದೇ ಕಷ್ಟ ಆಗಿರೋದು. ಬೇರೆಯವರ ಅಕ್ಷರ ಆಗಿದ್ರೆ ಓದೋಕೆ ಬರಲ್ಲ ಅಂತ ವಾಪಸ್ ಕಳಿಸ್ತಿದ್ದೆ. ಇದು ರಾಜೀನಾಮೆನಾ?"

"ಅಲ್ಲ ಸಾರ್. ಭಾವನೆ."

"ಭಾವನೆಗೆ ಮೊಹರು ಹಾಕ್ತಾರೇನ್ರೀ?"

"ಅಭ್ಯಾಸಬಲ ಸಾರ್."

"ಸೂಕ್ತ ಕ್ರಮಕ್ಕಾಗಿ ಅಂತ ಬೇರೆ ಬರೆದಿದ್ದೀರಿ. ಈಗ ನಾನೇನು ಕ್ರಮ ತಗೊಳ್ಳಲಿ?"

"ಏನೂ ಬೇಡ ಸಾರ್."

"ಅದನ್ನೂ ನೀವೇ ಬರೆದಿದ್ದೀರಿ. ಸಂಸಾರವೂ ಬೇಡ, ಹುದ್ದೆಯೂ ಬೇಡ." ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಈ ನಂಬರು ಹಾಕಿದ್ದು ಯಾರು?"

"ನಾನೇ ಸಾರ್."

ಸಾಹೇಬರು ಕಾಗದವನ್ನು ಮೇಜಿನ ಮೇಲೆ ಹಾಕಿದರು. "ನಂಬರು ಇಲ್ದೆ ಬಂದಿದ್ರೆ ಇದು ಬರೀ ಕಾಗದ. ನಂಬರು ಬಿದ್ದ ಮೇಲೆ ಇದು ವಿಷಯ. ವಿಷಯಕ್ಕೆ ಉತ್ತರ ಬೇಕು. ಆ ಗುಹೆ ಕಚೇರಿಯವರಿಂದಲೇ ರದ್ದಾಯ್ತು ಅಂತ ಬರವಣಿಗೆಯಲ್ಲಿ ತನ್ನಿ. ತಿಂಗಳ ಕೊನೆಯೊಳಗೆ ಬರದಿದ್ರೆ ಮೇಲಕ್ಕೆ ಕಳಿಸ್ಬೇಕಾಗುತ್ತೆ. ಮೇಲಿನವರು ಇಂಥದ್ದನ್ನ ಒಪ್ಪಿಕೊಳ್ಳೋಕೆ ಕಾಯ್ತಿರ್ತಾರೆ."

ಟಪಾಲಪ್ಪನವರು ಬಾಗಿಲ ತನಕ ಹೋದಾಗ ಹಿಂದಿನಿಂದ ಮತ್ತೆ ದನಿ ಬಂತು. "ಹುದ್ದೆ ವಿಷಯ ಮಾತ್ರ ನನ್ನದು. ಸಂಸಾರದ್ದು ನೀವು ಮನೇಲೇ ಇತ್ಯರ್ಥ ಮಾಡ್ಕೊಳ್ಳಿ."

ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಲು ಮನೆಯವರಿಗೆ ವಿಷಯ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳಬೇಕೆಂದು ಟಪಾಲಪ್ಪನವರು ದಾರಿಯುದ್ದಕ್ಕೂ ನಿಶ್ಚಯಿಸುತ್ತ ಬಂದರು. ಅಷ್ಟರಲ್ಲಿ, ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಜವಾನ ತಕ್ಕಡಿಯ ಮನೆಗೆ ಫೋನು ಮಾಡಿದ್ದ. ತಕ್ಕಡಿಯ ಹಲ್ಲುನೋವು ವಾಸಿಯಾಗಿ, ಆತನ ಹೆಂಡತಿ ಬಟ್ಟೆ ಹೊಲಿಸುವ ನೆವದಲ್ಲಿ ಟಪಾಲಪ್ಪನವರ ಕೆಳಗಿನ ಮನೆಯ ದರ್ಜಿಯಮ್ಮನ ಹತ್ತಿರ ಹೋಗಿದ್ದಳು.

ದರ್ಜಿಯಮ್ಮ ಮೆಟ್ಟಿಲ ಬುಡದಲ್ಲೇ ಅವರನ್ನು ತಡೆದು, ಸೊಂಟ ಸಡಿಲ ಮಾಡಲು ಕೊಟ್ಟಿದ್ದ ಪ್ಯಾಂಟನ್ನು ಹಾಗೆಯೇ ಕೈಗಿಟ್ಟಳು.

"ಆಗಲಿಲ್ವಾ ಇನ್ನೂ?"

"ಬಿಚ್ಚೋಕೆ ಕೂತಿದ್ದೆ. ಆಮೇಲೆ ಸುದ್ದಿ ಕೇಳ್ದೆ. ಇನ್ನು ಯಾಕೆ ಸುಮ್ನೆ ದಾರ ದಂಡ," ಎಂದಳು ಮೆಲ್ಲಗೆ. "ಅಲ್ಲಿ ಒಂದೇ ಬಟ್ಟೆ ಸುತ್ಕೊಳ್ಳೋದಂತಲ್ಲ. ಅದಕ್ಕೆ ಅಂಚು ಹೊಲೀಬೇಕಾದ್ರೆ ಹೇಳಿ, ನಾನೇ ಹೊಲ್ಕೊಡ್ತೀನಿ."

ಎದುರು ಮನೆಯ ನಿವೃತ್ತ ಹೆಡ್ಮಾಸ್ತರು ಬಾಗಿಲಲ್ಲಿ ಕಾದಿದ್ದರು. ಟಪಾಲಪ್ಪನವರ ಎರಡೂ ಕೈ ಹಿಡಿದು, ಇಂಥ ನಿರ್ಧಾರ ತಾವು ಮೂವತ್ತು ವರ್ಷದ ಹಿಂದೆಯೇ ಮಾಡಬೇಕಿತ್ತೆಂದೂ, ಆಗ ಪರೀಕ್ಷೆಯ ಉತ್ತರಪತ್ರಿಕೆಗಳು ಬಾಕಿಯಿದ್ದವೆಂದೂ ಹೇಳಿದರು.

"ಮೇಷ್ಟ್ರೇ, ನಾನು ಎಲ್ಲಿಗೂ ಹೋಗ್ತಿಲ್ಲ."

"ಹೋಗೋರು ಯಾರೂ ಹೋಗ್ತೀನಿ ಅಂತ ಹೇಳಲ್ಲ," ಎಂದರು ಹೆಡ್ಮಾಸ್ತರು. ಆಮೇಲೆ, "ನಿಮ್ಮ ಕಪ್ಪು ಛತ್ರಿ ಯಾರಿಗಾದ್ರೂ ಕೊಡ್ತೀನಿ ಅಂತ ಹೇಳಿದ್ದೀರಾ?" ಎಂದು ಕೇಳಿದರು.

ಒಳಗೆ ಅತ್ತೆಯವರೂ, ಷಡ್ಡಕನೂ, ಆತನ ಹೆಂಡತಿಯೂ ಬಂದು ಕೂತಿದ್ದರು. ಅತ್ತೆಯವರು ಅಳಲು ಅನುಕೂಲವಾಗಲೆಂದು ಗೋಡೆಗೆ ಒರಗಿದ್ದರು.

"ಅಳಿಯಂದ್ರೇ, ನಮ್ಮ ಹುಡುಗಿ ನಿಮಗೇನು ಕಮ್ಮಿ ಮಾಡಿದ್ಲು?"

"ಏನೂ ಇಲ್ಲ ಅತ್ತೆ. ಅದು ಸುಮ್ನೆ ಬರೆದದ್ದು."

"ಹತ್ತೊಂಬತ್ತು ವರ್ಷದ ಸಂಸಾರನ ಸುಮ್ನೆ ಬರೆದು ಬಿಡೋದಾ?"

ಷಡ್ಡಕ ಮಾತ್ರ ದುಃಖದಲ್ಲೂ ಉಬ್ಬಿಹೋಗಿದ್ದ. ಆತನಿಗೆ ಇದರಲ್ಲಿ ತನ್ನ ಪಾಲೂ ಕಾಣುತ್ತಿತ್ತು. "ಅಣ್ಣ ಹೋಗಿದ್ದು ನನ್ನ ಗಾಡೀಲೇ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಹಿಂದಿನ ಸೀಟಲ್ಲಿ ಕೂತಿದ್ರು. ಹೋಗುವಾಗ ಮಾಮೂಲಿ ಮನುಷ್ಯ. ಬರುವಾಗ ಒಂದು ಮಾತಿಲ್ಲ."

"ಮಂಡಿ ನೋಯ್ತಿತ್ತು ಮಾರಾಯಾ," ಎಂದರು ಟಪಾಲಪ್ಪನವರು.

"ಮೊದಲು ಮಂಡೀಲೇ ಶುರುವಾಗೋದು ಅಣ್ಣ," ಎಂದ ಷಡ್ಡಕ.

ಹದಿನಾರು ವರ್ಷದ ಮಗಳು ಪುಸ್ತಕದಿಂದ ತಲೆಯೆತ್ತಿ, ಅಪ್ಪ ಹೋಗುವುದಾದರೆ ಕಿಟಕಿ ಪಕ್ಕದ ಮೇಜು ತನಗೆ ಎಂದಳು. ಆಮೇಲೆ ತಾನೂ ಅತ್ತಳು. ಯಾವುದಕ್ಕೆ ಅಳುತ್ತಿದ್ದಾಳೆಂದು ಯಾರೂ ಕೇಳಲಿಲ್ಲ.

ಟಪಾಲಪ್ಪನವರು ಏನು ಮಾಡಿದರೂ ಅದು ವೈರಾಗ್ಯದ ಲೆಕ್ಕಕ್ಕೇ ಸೇರತೊಡಗಿತು. ಊಟಕ್ಕೆ ಕೂತು ಸಂಸಾರದ ಮೇಲಿನ ಪ್ರೀತಿಯನ್ನು ತೋರಿಸಲೆಂದು ಮೂರು ಸಲ ಬಡಿಸಿಕೊಂಡರು. "ಕೊನೇ ಆಸೆ, ತಿನ್ನಲಿ," ಎಂದರು ಅತ್ತೆಯವರು. ಮರುದಿನ ಹೊಟ್ಟೆ ಕೆಟ್ಟು ಉಪವಾಸ ಮಾಡಿದರು. "ಆಗಲೇ ಶುರು ಮಾಡಿಬಿಟ್ರು," ಎಂದರು. ಸಿಟ್ಟಿನಿಂದ ತಟ್ಟೆ ಕುಕ್ಕಿದಾಗ, ಒಳಗಿರುವುದೆಲ್ಲ ಹೊರಗೆ ಹೋಗುವ ಮುಂಚೆ ಹೀಗೇ ಆಗುತ್ತದೆಂದು ಹೆಡ್ಮಾಸ್ತರು ಬಾಗಿಲಲ್ಲೇ ನಿಂತು ವಿವರಿಸಿದರು. ಎಲ್ಲಿಗೂ ಹೋಗುವುದಿಲ್ಲವೆಂದು ಬರೆದುಕೊಡುತ್ತೇನೆ ಎಂದಾಗ ಮಾತ್ರ ಅತ್ತೆಯವರು ಅಳು ನಿಲ್ಲಿಸಿ, "ಯಾರೂ ಇವರ ಕೈಗೆ ಪೆನ್ನು ಕೊಡಬೇಡಿ," ಎಂದು ಅಪ್ಪಣೆ ಮಾಡಿದರು.

ಇಷ್ಟೆಲ್ಲ ನಡೆಯುವಾಗ ಅವರ ಹೆಂಡತಿ ಅಡುಗೆಮನೆಯಲ್ಲಿದ್ದಳು. ಬಂದವರಿಗೆ ಚಹಾ ಮಾಡಿದಳು. ಅವರು ಹೋದ ಮೇಲೆ ಲೋಟ ತೊಳೆದಳು. ಒಣಗಿದ ಬಟ್ಟೆಗಳನ್ನು ತೆಗೆದು ಮಡಿಸಿದಳು. ಮತ್ತೆ ಯಾರೋ ಬಂದರು, ಮತ್ತೆ ಚಹಾ ಮಾಡಿದಳು. ಗಂಡ ಬಿಟ್ಟುಹೋಗುತ್ತಾನೆ ಎಂಬ ಸುದ್ದಿಯಿಂದ ಆಕೆಗಾದ ವ್ಯತ್ಯಾಸ ಲೋಟಗಳ ಸಂಖ್ಯೆಯಲ್ಲಿ ಮಾತ್ರ ಕಾಣುತ್ತಿತ್ತು.

"ನೀನಾದ್ರೂ ಹೇಳೇ ಇವರಿಗೆ," ಎಂದರು ಟಪಾಲಪ್ಪನವರು ಸೋತು.

"ಏನು ಹೇಳ್ಲಿ?"

"ನಾನು ಬಿಟ್ಟು ಹೋಗಲ್ಲ ಅಂತ."

ಆಕೆ ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟು ತಾಯಿಯ ಕಡೆ ತಿರುಗಿದಳು. "ಹೋಗಲ್ಲಮ್ಮ. ಅಲ್ಲಿಗೆ ಎರಡು ಬಸ್ಸು ಬದಲಾಯಿಸ್ಬೇಕು. ಇವರ ಕೈಲಿ ಆಗಲ್ಲ."

ಆ ಮನೆಯಲ್ಲಿ ಅವರ ಮಾತನ್ನು ನಂಬಿದವಳು ಆಕೆಯೊಬ್ಬಳೇ. ಟಪಾಲಪ್ಪನವರಿಗೆ ಇದರಿಂದ ಸಮಾಧಾನವಾಗಬೇಕಿತ್ತು. ಯಾಕೋ ಎಲ್ಲದಕ್ಕಿಂತ ಹೆಚ್ಚು ನೋವಾಯಿತು.

ತಿಂಗಳ ಕೊನೆಗೆ ಇನ್ನೂ ಆರು ದಿನ ಇರುವಾಗ ಮೇಲ್ವಿಚಾರಕರ ಹುದ್ದೆಯ ಆದೇಶ ಹೊರಟಿತು. 'ಹಿರಿಯ ಅಭ್ಯರ್ಥಿಯು ಹುದ್ದೆಗಳ ವಿಷಯದಲ್ಲಿ ಲಿಖಿತವಾಗಿ ನಿರಾಸಕ್ತಿ ವ್ಯಕ್ತಪಡಿಸಿರುವುದರಿಂದ' ಎಂದು ಶುರುವಾಗಿ, ತಕ್ಕಡಿಯ ಹೆಸರಿನಲ್ಲಿ ಮುಗಿಯುವ ಆದೇಶ. ಅದನ್ನು ಜಾವಕ ಪುಸ್ತಕದಲ್ಲಿ ಬರೆಯಬೇಕಾದವರು ಟಪಾಲಪ್ಪನವರೇ. ಬರೆದರು. ಆ ಪುಟದಲ್ಲೇ ಅಷ್ಟು ಅಂದವಾದ ಸಾಲು ಇನ್ನೊಂದಿರಲಿಲ್ಲವೆಂದು ಆಮೇಲೆ ನೋಡಿದವರು ಹೇಳಿದರು.

ತಕ್ಕಡಿ ಎಲ್ಲರಿಗೂ ಬಿಸ್ಕತ್ತು ಹಂಚಿದ. ಟಪಾಲಪ್ಪನವರ ಮೇಜಿನ ಮುಂದೆ ಬಂದಾಗ ಅವನ ಕಣ್ಣು ನಿಜವಾಗಿಯೂ ತುಂಬಿತ್ತು. "ನಿಮ್ಮಂಥೋರ ತ್ಯಾಗದಿಂದ ನಮ್ಮಂಥೋರು ಮುಂದೆ ಬರೋದು ಸಾರ್," ಎಂದ. ಬಿಸ್ಕತ್ತಿನ ತಟ್ಟೆಯನ್ನು ಅವರ ಮುಂದೆ ಹಿಡಿದವನು, ಏನೋ ನೆನಪಾಗಿ, ಗೌರವದಿಂದ ಹಿಂದಕ್ಕೆಳೆದುಕೊಂಡ. "ಕ್ಷಮಿಸಿ, ನೀವು ಇದನ್ನೆಲ್ಲ ಬಿಟ್ಟಿರ್ತೀರಿ."

ಈಗ ಇದ್ದ ಕುರ್ಚಿಯನ್ನಾದರೂ ಉಳಿಸಿಕೊಳ್ಳಬೇಕಿತ್ತು. ಮರುದಿನ ರಜೆ ಹಾಕಿ ಗುಹೆಗೆ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅತ್ತೆಯವರು ಕುಸಿದು ಕೂತರು. ಷಡ್ಡಕ ಗಾಡಿ ತರುತ್ತೇನೆಂದ. ಹೆಂಡತಿ ಒಳಗಿನಿಂದ ಬಂದು, "ಗಾಡಿ ಬೇಡ. ಬಸ್ಸಲ್ಲಿ ಹೋಗೋಣ. ನಾನೂ ಬರ್ತೀನಿ," ಎಂದಳು. ಈ ಗಲಾಟೆ ಶುರುವಾದ ಮೇಲೆ ಯಾರೂ ಕೇಳದೆ ಆಕೆ ಆಡಿದ ಮೊದಲ ಮಾತು ಅದು.

ಎರಡು ಬಸ್ಸು ಬದಲಾಯಿಸಿದರು. ಎರಡನೆಯದನ್ನು ಹಿಡಿಯುವಾಗ ಟಪಾಲಪ್ಪನವರು ಬೇರೆ ಊರಿನ ಬಸ್ಸು ಹತ್ತಿ ಕೂತಿದ್ದರು. ಆಕೆ ಕಿಟಕಿಯ ಹೊರಗಿನಿಂದ ಕರೆದು ಇಳಿಸಿಕೊಂಡಳು.

ವಾರದ ನಡುವಿನ ದಿನ, ಗುಡ್ಡದ ಮೇಲೆ ಜನವಿರಲಿಲ್ಲ. ಕಾವಲುಗಾರ ಅವರನ್ನು ಕಂಡೊಡನೆ ಎದ್ದು ನಿಂತ. "ಆ ಮೊಹರಿನ ಸಾಹೇಬರು ನೀವೇನಾ?"

ಟಪಾಲಪ್ಪನವರು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಸಾಹೇಬರೆನಿಸಿಕೊಂಡದ್ದನ್ನು ಅನುಭವಿಸುವ ಸ್ಥಿತಿಯಲ್ಲಿರಲಿಲ್ಲ. "ಹೌದು. ಅದನ್ನ ಹೊಡೆದು ಹಾಕಬೇಕಿತ್ತು."

"ಆಗಲ್ಲ. ಇಲ್ಲಿ ಯಾರು ಏನು ಬರೆದ್ರೂ ಅಳಿಸೋ ಹಾಗಿಲ್ಲ." ಆತ ಒಳಗಿನ ಒಂದು ಕಂಬ ತೋರಿಸಿದ. ಅದರ ಮೇಲೆ ಸವೆದ ಹಳೆಯ ಲಿಪಿಯ ಒಂದು ಸಾಲಿತ್ತು. "ಅಲ್ಲಿ ನೋಡಿ, ಯಾವನೋ ವರ್ತಕ. ಈ ಕಂಬ ನಾನು ಕೊಟ್ಟೆ ಅಂತ ಕೆತ್ತಿಸಿದ್ದಾನೆ. ಎಷ್ಟು ಕಾಲ ಆಯ್ತು, ವಾಪಸ್ ಬೇಕು ಅಂತ ಅವನೂ ಬಂದಿಲ್ಲ."

"ನನ್ನ ನೌಕರಿ ಹೋಗುತ್ತಪ್ಪ."

ಕಾವಲುಗಾರ ಮರುಗಿದ. ಆ ಪುಸ್ತಕ ತುಂಬಿಹೋಗಿದೆ, ಹೊಸ ಪುಸ್ತಕದಲ್ಲಿ ಇನ್ನೊಂದು ಷರಾ ಬರೆದರೆ ಅದಕ್ಕೆ ತಾನು ಸಹಿ ಹಾಕಿ ಒಂದು ಪ್ರತಿ ಕೊಡಬಹುದು, ಅದಕ್ಕೆ ಹಳೆಯ ಪುಸ್ತಕದ ಪುಟದ ಸಂಖ್ಯೆ ಬೇಕು ಎಂದ. ತಗಡಿನ ಪೆಟ್ಟಿಗೆಯಿಂದ ಹಳೆಯ ಪುಸ್ತಕ ತೆಗೆದು ಪುಟ ಹುಡುಕಿ ಮುಂದಿಟ್ಟ.

"ನಿಮ್ಮದು ಬರೆದ ಮೇಲೆ ಎಲ್ಲರೂ ಅದನ್ನೇ ಓದ್ತಾರೆ ಸಾಹೇಬ್ರೇ. ನೋಡಿ, ಕೆಳಗೆ."

ಟಪಾಲಪ್ಪನವರು ನೋಡಿದರು. ತಮ್ಮ ಅಕ್ಷರ, ತಮ್ಮ ಮೊಹರು. ಅದರ ಕೆಳಗೆ ಪುಟದ ತುದಿಯವರೆಗೂ ಬೇರೆ ಬೇರೆ ಕೈಗಳಲ್ಲಿ ಒಂದೇ ಮಾತು. 'ಮೇಲಿನಂತೆ.' ಶಾಲಾ ಶಿಕ್ಷಕಿ, 'ಮೇಲಿನಂತೆ.' ಲಾರಿ ಚಾಲಕ, 'ಮೇಲಿನಂತೆ.' ಔಷಧಿ ಅಂಗಡಿ, 'ಮೇಲಿನಂತೆ.' ಹೊಸದಾಗಿ ಮದುವೆಯಾದ ದಂಪತಿ ಎಂದು ತಾವೇ ಬರೆದುಕೊಂಡಿದ್ದ ಇಬ್ಬರು, ಬೇರೆ ಬೇರೆ ಸಾಲಿನಲ್ಲಿ, 'ಮೇಲಿನಂತೆ.' ಇವರಲ್ಲಿ ಯಾರ ಹತ್ತಿರವೂ ಮೊಹರು ಇಲ್ಲದ್ದರಿಂದ ಯಾರ ಮೇಲೂ ಕ್ರಮವಾಗಿರಲಿಲ್ಲ. ಎಲ್ಲರೂ ಬರೆದಿಟ್ಟು, ಮೆಟ್ಟಿಲಿಳಿದು, ತಂತಮ್ಮ ಮನೆಗೆ ಹೋಗಿದ್ದರು.

ಆ ಸಾಲಿನಲ್ಲಿ ಮೊದಲನೆಯದು, ಮೊಹರಿನ ಅಂಚಿಗೆ ತಗುಲಿಕೊಂಡಂತಿದ್ದದ್ದು, ಸಣ್ಣ ದುಂಡಕ್ಷರ. ವೃತ್ತಿ ಎಂಬಲ್ಲಿ ಬರೀ ಒಂದು ಗೆರೆ. ತಾರೀಕು ಅವರದೇ ತಾರೀಕು. ಆ ಅಕ್ಷರವನ್ನು ಟಪಾಲಪ್ಪನವರು ಹತ್ತೊಂಬತ್ತು ವರ್ಷದಿಂದ ದಿನಸಿಯ ಚೀಟಿಗಳಲ್ಲಿ ನೋಡಿದ್ದರು.

ತಿರುಗಿ ನೋಡಿದರೆ ಆಕೆ ಅಲ್ಲಿರಲಿಲ್ಲ.

ಪಕ್ಕದ ಗುಹೆಯ ಮೂರನೆಯ ಕೋಣೆಯಲ್ಲಿ ಇದ್ದಳು. ಕಲ್ಲಿನ ಮಂಚದ ಮೇಲೆ, ಗೋಡೆಗೆ ಬೆನ್ನಾನಿಸಿ, ಎರಡೂ ಕಾಲು ಚಾಚಿ ಕೂತಿದ್ದಳು. ಕೈಚೀಲ ಪಕ್ಕದಲ್ಲಿತ್ತು. ಮನೆಯಲ್ಲಿ ಆಕೆ ಕಾಲು ಚಾಚಿ ಕೂತದ್ದನ್ನು ನೋಡಿದ ನೆನಪು ಟಪಾಲಪ್ಪನವರಿಗೆ ಬರಲಿಲ್ಲ.

"ಆ ಪುಸ್ತಕದಲ್ಲಿ..." ಎಂದು ಬಾಗಿಲಲ್ಲೇ ನಿಂತರು. "ಅದು ನೀನು ಬರೆದದ್ದಾ?"

"ಹೂಂ. ನೀವು ಪೆನ್ನು ಕೈಗೆ ಕೊಟ್ಟು ಹೋದ್ರಿ. ಹಿಂದೆ ಜನ ಕಾಯ್ತಿದ್ರು. ಬರೆದೆ."

"ನಾನು ಸುಮ್ನೆ ಬರೆದಿದ್ದು ಕಣೇ. ಅವನು ಕಲ್ಲು, ಕಾವ್ಯ ಅಂತೆಲ್ಲ ಬರೆದ್ನಲ್ಲ, ಅದಕ್ಕೆ."

"ಗೊತ್ತು."

"ನೀನೂ ಸುಮ್ನೆ ತಾನೇ?"

ಆಕೆ ದೀಪದ ಗೂಡನ್ನು ನೋಡುತ್ತಿದ್ದಳು. "ಇಲ್ಲಿ ತಣ್ಣಗಿದೆ," ಎಂದಳು. "ಸದ್ದೇ ಇಲ್ಲ. ಯಾರೂ ಕರೆಯಲ್ಲ. ನೀವು ಹೋಗಿ ನಿಮ್ಮ ಕಾಗದ ಮುಗಿಸ್ಕೊಳ್ಳಿ. ನಾನು ಇಲ್ಲೇ ಇರ್ತೀನಿ."

ಇಲ್ಲೇ ಇರುತ್ತೇನೆ ಎಂಬುದು ಎಷ್ಟು ಹೊತ್ತಿನ ಮಾತು ಎಂದು ಟಪಾಲಪ್ಪನವರಿಗೆ ಗೊತ್ತಾಗಲಿಲ್ಲ. ಹೋಗಿ ಹೊಸ ಪುಸ್ತಕದ ಮುಂದೆ ಕೂತು, ಹಳೆಯ ಪುಟದ ಸಂಖ್ಯೆ ಹಾಕಿ, 'ಈ ಹಿಂದೆ ಈ ಸ್ಥಳದಲ್ಲಿ ತ್ಯಜಿಸಲಾಗಿದ್ದ ಸಂಸಾರ ಮತ್ತು ಹುದ್ದೆಯನ್ನು ಇಂದು ಹಿಂಪಡೆಯಲಾಗಿದೆ' ಎಂದು ಬರೆದರು. ಸಂಸಾರ ಎಂಬ ಶಬ್ದದ ಸೊನ್ನೆ ಅಕ್ಷರಕ್ಕೆ ಅಂಟದೆ ದೂರ ಬಿತ್ತು. ತಿದ್ದಲು ಹೋಗಲಿಲ್ಲ. ಕಾವಲುಗಾರ ಸಹಿ ಹಾಕಿ, ಪ್ರತಿ ಮಾಡಿ ಕೊಟ್ಟ. ಟಪಾಲಪ್ಪನವರು ಅದರ ಮೇಲೆ ತಮ್ಮ ಮೊಹರನ್ನು ಒತ್ತಿ ಜೇಬಿಗಿಟ್ಟುಕೊಂಡರು.

ಆಮೇಲೆ ಕೋಣೆಯ ಹೊರಗೆ ಜಗಲಿಯ ಮೇಲೆ ಕೂತರು. ಒಳಗೆ ಹೋಗಿ ಕರೆಯುವ ಧೈರ್ಯ ಬರಲಿಲ್ಲ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಮುಚ್ಚುವ ಹೊತ್ತಾಗಿ ಕಾವಲುಗಾರ ಸೀಟಿ ಊದಿದ. ಯಾರೂ ಬರಲಿಲ್ಲ. ಎರಡನೆಯ ಸಲ ಊದಿದ. ಟಪಾಲಪ್ಪನವರು ಎದ್ದು ನಿಂತು ಬಾಗಿಲ ಕತ್ತಲೆಯನ್ನು ನೋಡಿದರು. ಇನ್ನೊಮ್ಮೆ ಊದಬೇಡ ಎನ್ನಬೇಕೋ, ಜೋರಾಗಿ ಊದು ಎನ್ನಬೇಕೋ ಅವರಿಗೆ ತಿಳಿಯಲಿಲ್ಲ. ಮೂರನೆಯ ಸೀಟಿಗೆ ಆಕೆ ಕೈಚೀಲ ಎತ್ತಿಕೊಂಡು ಹೊರಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

"ಆಯ್ತಾ ನಿಮ್ಮದು?"

"ಆಯ್ತು."

ಕಾವಲುಗಾರ ಪುಸ್ತಕ ಮುಚ್ಚುವ ಮುಂಚೆ ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ. "ಅಮ್ಮಾ, ನಿಮ್ಮದೂ ರದ್ದು ಮಾಡಬೇಕಾ? ಪೆನ್ನು ಇಲ್ಲೇ ಇದೆ."

"ನನ್ನದಕ್ಕೆ ಮೊಹರಿಲ್ಲವಲ್ಲ," ಎಂದಳು ಆಕೆ. "ಇರಲಿ ಬಿಡಿ."

ಮೆಟ್ಟಿಲು ಕಡಿದಾಗಿದ್ದುದರಿಂದ ಒಬ್ಬರ ಹಿಂದೆ ಒಬ್ಬರು ಇಳಿಯಬೇಕಿತ್ತು. ಟಪಾಲಪ್ಪನವರು ಮುಂದೆ, ಆಕೆ ಹಿಂದೆ. ಅವರು ತಿರುಗಿ ನೋಡಲಿಲ್ಲ, ಕಿವಿಯನ್ನು ಮಾತ್ರ ಹಿಂದಕ್ಕೆ ಬಿಟ್ಟಿದ್ದರು. ಆಕೆಯ ಹೆಜ್ಜೆಯ ಸದ್ದು ನಿಂತಲ್ಲಿ ತಾವೂ ನಿಂತು, ಮಂಡಿ ಒತ್ತಿಕೊಳ್ಳುವವರಂತೆ ಬಗ್ಗುತ್ತಿದ್ದರು. ಸದ್ದು ಮತ್ತೆ ಶುರುವಾದ ಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಿದ್ದರು. ಹೀಗೆ ಕೆಳಗೆ ಬಂದು ಮುಟ್ಟಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.